ಹಾಡು ಒಬ್ಬರದು, ಹೆಸರು ಇನ್ನೊಬ್ಬರದು: ಸಿಲ್ವಿಯಾ ರಾಬಿನ್ಸನ್ ಕಟ್ಟಿದ ಶುಗರ್ ಹಿಲ್

‘ರ‍್ಯಾಪರ್ಸ್ ಡಿಲೈಟ್’ ಹಾಡನ್ನು ಹೆಡ್‌ಫೋನ್ ಹಾಕಿಕೊಂಡು ಒಮ್ಮೆ ಗಮನವಿಟ್ಟು ಕೇಳಿ. 1979ರಲ್ಲಿ ಅಮೆರಿಕದಲ್ಲಿ ಬಂದ ಈ ಹಾಡು ರ‍್ಯಾಪ್, ಅಂದರೆ ತಾಳದ ಮೇಲೆ ಪ್ರಾಸ ಕಟ್ಟಿ ಹೇಳುವ ಮಾತು. ಹಾಡಿದವರು ಮೂವರು. ಮೊದಲು ವಂಡರ್ ಮೈಕ್ ಬರುತ್ತಾನೆ. ತನ್ನ ಸರದಿ ಮುಗಿಸಿ ಗೆಳೆಯ ಹ್ಯಾಂಕ್‌ನನ್ನು ಕರೆಯುತ್ತಾನೆ. ಬಿಗ್ ಬ್ಯಾಂಕ್ ಹ್ಯಾಂಕ್ ಬಂದವನೇ ತನ್ನ ಪರಿಚಯ ಹೇಳಿಕೊಳ್ಳುತ್ತಾನೆ. ಒಂದೊಂದೇ ಅಕ್ಷರ ಬಿಡಿಸಿ ಹೇಳುತ್ತಾನೆ: ಸಿ, ಎ, ಎಸ್, ಎ, ಎನ್, ಓ, ವಿ, ಎ. ಕೊನೆಗೆ ಎಫ್, ಎಲ್, ವೈ. ಕ್ಯಾಸನೋವಾ ಫ್ಲೈ.

ಆದರೆ ಅದು ಹ್ಯಾಂಕ್‌ನ ಹೆಸರಲ್ಲ. ಅವನು ಹೆನ್ರಿ ಜಾಕ್ಸನ್. ಕ್ಯಾಸನೋವಾ ಫ್ಲೈ ಅನ್ನೋದು ನ್ಯೂಯಾರ್ಕಿನ ಬ್ರಾಂಕ್ಸ್‌ನ ಇನ್ನೊಬ್ಬ ಹುಡುಗ ತನಗೆ ತಾನೇ ಇಟ್ಟುಕೊಂಡಿದ್ದ ಹೆಸರು. ಮುಂದೆ ಎಲ್ಲರೂ ಅವನನ್ನು ಗ್ರ್ಯಾಂಡ್‌ಮಾಸ್ಟರ್ ಕ್ಯಾಝ್ ಎಂದು ಕರೆದರು. ಹ್ಯಾಂಕ್ ಹಾಡಿದ್ದು ಕ್ಯಾಝ್‌ನ ಸಾಲುಗಳನ್ನು. ಅದರೊಳಗಿದ್ದ ಹೆಸರನ್ನೂ ಬದಲಿಸದೆ ಹಾಗೇ ಹಾಡಿಬಿಟ್ಟ.

ರ‍್ಯಾಪ್ ಹುಟ್ಟಿ ಬೆಳೆದ ಹಿಪ್ ಹಾಪ್ ಸಂಗೀತದ ಉದ್ಯಮದ ಬಗ್ಗೆ ಏನೇ ಓದಿದರೂ ನಾನು ಈ ಹನ್ನೊಂದು ಅಕ್ಷರಗಳಿಗೇ ವಾಪಸ್ ಬರುತ್ತೇನೆ. ಬೀದಿಯಲ್ಲಿ, ಪಾರ್ಟಿಯಲ್ಲಿ ಹುಟ್ಟಿದ ಮಾತು ರೆಕಾರ್ಡ್ ಎಂಬ ಪ್ಲಾಸ್ಟಿಕ್ ತಟ್ಟೆಯ ಮೇಲೆ ಅಚ್ಚಾದಾಗ ಅದು ಯಾರ ಸ್ವತ್ತಾಗುತ್ತದೆ? ಬರೆದವನದೋ, ಹಾಡಿದವನದೋ, ತಾಳ ಕೊಟ್ಟವನದೋ, ದುಡ್ಡು ಹಾಕಿದವನದೋ? ಇವತ್ತಿಗೂ ಈ ಜಗಳ ಮುಗಿದಿಲ್ಲ. ಅದು ದೊಡ್ಡದಾಗಿ ಶುರುವಾದದ್ದು ಒಬ್ಬ ಹೆಂಗಸಿನ ಸ್ಟುಡಿಯೋದಲ್ಲಿ. ಆಕೆಯೇ ಶುಗರ್ ಹಿಲ್ ಎಂಬ ರೆಕಾರ್ಡ್ ಕಂಪನಿ ಕಟ್ಟಿದ ಸಿಲ್ವಿಯಾ ರಾಬಿನ್ಸನ್. ಜನ ಆಕೆಯನ್ನು ‘ಹಿಪ್ ಹಾಪ್‌ನ ತಾಯಿ’ ಎಂದರು. ಆ ಮಾತು ನಿಜವೇ. ಆದರೆ ತಾಯಿಯ ಮನೆಯಿಂದ ಮಕ್ಕಳು ಯಾಕೆ ಒಬ್ಬೊಬ್ಬರಾಗಿ ಮುನಿಸಿಕೊಂಡು ಹೊರಟರು ಅನ್ನೋದನ್ನೂ ಹೇಳಬೇಕಲ್ವಾ?

ಸಿಲ್ವಿಯಾ ಹುಟ್ಟಿದ್ದು ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ, ಮೂವತ್ತರ ದಶಕದಲ್ಲಿ. ಹದಿನಾಲ್ಕರ ವಯಸ್ಸಿಗೇ ‘ಲಿಟಲ್ ಸಿಲ್ವಿಯಾ’ ಎಂಬ ಹೆಸರಿನಲ್ಲಿ ಕೊಲಂಬಿಯಾ ಕಂಪನಿಗೆ ಹಾಡಿದರು. ಆಮೇಲೆ ಮಿಕ್ಕಿ ಬೇಕರ್ ಬಳಿ ಗಿಟಾರ್ ಕಲಿತರು. ಗುರು ಶಿಷ್ಯೆ ಸೇರಿ ‘ಮಿಕ್ಕಿ ಆ್ಯಂಡ್ ಸಿಲ್ವಿಯಾ’ ಎಂಬ ಜೋಡಿ ಕಟ್ಟಿದರು. 1956ರಲ್ಲಿ ಬಂದ ಅವರ ‘ಲವ್ ಈಸ್ ಸ್ಟ್ರೇಂಜ್’ ಮರುವರ್ಷ ರಿದಮ್ ಆ್ಯಂಡ್ ಬ್ಲೂಸ್ ಪಟ್ಟಿಯ ತುದಿಗೇರಿತು.

ಈ ಮೊದಲ ಹಿಟ್‌ನಲ್ಲೇ ಹೆಸರಿನ ಗೊಂದಲ ಇತ್ತು. ಹಾಡನ್ನು ಬರೆದವರು ಗಾಯಕ, ಗಿಟಾರ್ ವಾದಕ ಬೋ ಡಿಡ್ಲಿ. ತಮ್ಮ ಕಂಪನಿಯ ಜೊತೆ ತಕರಾರಿದ್ದ ಕಾರಣ ಅವರು ಹೆಂಡತಿ ಎಥೆಲ್ ಸ್ಮಿತ್ ಹೆಸರು ಹಾಕಿಸಿದರು. ಅದರಲ್ಲಿ ಬರುವ ಆ ಕುಣಿಯುವ ಗಿಟಾರ್ ತುಣುಕು ತನ್ನದು ಎಂದು ಜೋಡಿ ವಿಲಿಯಮ್ಸ್ ಎಂಬ ಗಿಟಾರ್ ವಾದಕ ಕೊನೆಯವರೆಗೂ ಹೇಳುತ್ತಲೇ ಇದ್ದರು. ಅವರ ಕೈಗೆ ಏನೂ ಬರಲಿಲ್ಲ.

ಸಿಲ್ವಿಯಾ ಕೂಡ ಇಂಥ ಅನ್ಯಾಯ ಅನುಭವಿಸಿದವರೇ. 1961ರಲ್ಲಿ ಐಕ್ ಮತ್ತು ಟೀನಾ ಟರ್ನರ್ ಜೋಡಿಯ ‘ಇಟ್ಸ್ ಗೊನ್ನ ವರ್ಕ್ ಔಟ್ ಫೈನ್’ ದೊಡ್ಡ ಹಿಟ್ ಆಯಿತು. ಆ ಹಾಡಿಗೆ ಗಿಟಾರ್ ನುಡಿಸಿದ್ದು, ಸ್ಟುಡಿಯೋದಲ್ಲಿ ಕೂತು ಅದನ್ನು ಹದಕ್ಕೆ ತಂದಿದ್ದು ತಾನೇ ಎಂದು ಸಿಲ್ವಿಯಾ ಮುಂದೆ ಹೇಳಿಕೊಂಡರು. ರೆಕಾರ್ಡಿನ ಮೇಲೆ ಅವರ ಹೆಸರಿರಲಿಲ್ಲ. ಆ ಕಾಲದಲ್ಲಿ ಹೆಂಗಸು ಹಾಡಬಹುದಿತ್ತು. ಹಾಡನ್ನು ತಯಾರಿಸಿದವಳು ಅನ್ನಿಸಿಕೊಳ್ಳುವುದು ಮಾತ್ರ ಕಷ್ಟವಿತ್ತು. ಹಕ್ಕಿನ ಕಾಗದ ಯಾರ ಕೈಯಲ್ಲಿದೆಯೋ ದುಡ್ಡು ಅವರಿಗೇ ಅನ್ನೋ ಪಾಠ ಸಿಲ್ವಿಯಾಗೆ ಅಲ್ಲೇ ಮನದಟ್ಟಾಗಿರಬೇಕು. ಅದನ್ನು ಅವರು ಮರೆಯಲಿಲ್ಲ. ನನಗೆ ಅವರ ಇಡೀ ವೃತ್ತಿಜೀವನ ಅರ್ಥವಾಗುವುದು ಇಲ್ಲಿಂದ.

ಅರವತ್ತರ ದಶಕದಲ್ಲಿ ಸಿಲ್ವಿಯಾ ಮತ್ತು ಗಂಡ ಜೋ ರಾಬಿನ್ಸನ್ ನ್ಯೂಜೆರ್ಸಿಯ ಎಂಗಲ್‌ವುಡ್‌ಗೆ ಹೋದರು. ಅಲ್ಲಿ ‘ಆಲ್ ಪ್ಲ್ಯಾಟಿನಮ್’ ಎಂಬ ಸ್ವಂತ ಕಂಪನಿ ಶುರು ಮಾಡಿದರು. ವ್ಯವಹಾರ ಜೋ ಕೈಯಲ್ಲಿ, ಸಂಗೀತ ಸಿಲ್ವಿಯಾ ಕೈಯಲ್ಲಿ. 1970ರಲ್ಲಿ ‘ದಿ ಮೊಮೆಂಟ್ಸ್’ ತಂಡದ ‘ಲವ್ ಆನ್ ಎ ಟೂ ವೇ ಸ್ಟ್ರೀಟ್’ ಗೆದ್ದಿತು. ಅದನ್ನು ಬರ್ಟ್ ಕೀಸ್ ಜೊತೆ ಸೇರಿ ಬರೆದವರು ಸಿಲ್ವಿಯಾ. ಅಲ್ ಗ್ರೀನ್‌ಗೆಂದು ‘ಪಿಲ್ಲೋ ಟಾಕ್’ ಬರೆದರು. ಅದು ತನ್ನ ದೈವಭಕ್ತಿಗೆ ಒಗ್ಗುವುದಿಲ್ಲ ಎಂದು ಅಲ್ ಗ್ರೀನ್ ಬೇಡವೆಂದರು. ಸರಿ, ನಾನೇ ಹಾಡುತ್ತೇನೆ ಎಂದು ಸಿಲ್ವಿಯಾ ಹಾಡಿದರು. 1973ರಲ್ಲಿ ಅದು ಅಮೆರಿಕದ ಪಾಪ್ ಪಟ್ಟಿಯಲ್ಲಿ 3ನೇ ಸ್ಥಾನಕ್ಕೇರಿತು. 1975ರಲ್ಲಿ, ಬೋ ಡಿಡ್ಲಿ ಹಾಡುತ್ತಿದ್ದ ಚೆಸ್ ಕಂಪನಿಯ ಹಾಡುಗಳ ಭಂಡಾರವನ್ನೇ ಇವರು ಕೊಂಡುಕೊಂಡರು.

ಕೊಂಡ ಮೇಲೆ ಕೈ ಕಚ್ಚಿತು. ದಶಕದ ಕೊನೆಗೆ ಬರುವಾಗ ಆಲ್ ಪ್ಲ್ಯಾಟಿನಮ್ ಸಾಲದಲ್ಲಿ ಮುಳುಗಿತ್ತು.

1979ರಲ್ಲಿ ಒಂದು ದಿನ ಸಿಲ್ವಿಯಾ ‘ಹಾರ್ಲೆಮ್ ವರ್ಲ್ಡ್’ ಎಂಬ ಕ್ಲಬ್ಬಿನ ಪಾರ್ಟಿಗೆ ಹೋದರು. ಅಲ್ಲಿ ಲವ್‌ಬಗ್ ಸ್ಟಾರ್ಸ್ಕಿ ಎಂಬ ಡಿಜೆ ರೆಕಾರ್ಡ್ ಹಾಕುತ್ತಾ, ಅದರ ಮೇಲೆ ಪ್ರಾಸ ಕಟ್ಟಿ ಮಾತಾಡುತ್ತಿದ್ದ. ಅವನು ಕೂಗಿದ ಹಾಗೆ ಜನ ಕೂಗುತ್ತಿದ್ದರು. ಬ್ರಾಂಕ್ಸ್‌ನವರಿಗೆ ಇದು ಹೊಸದೇನಲ್ಲ. 1973ರ ಆಗಸ್ಟ್ 11ರಂದು ಸೆಜ್‌ವಿಕ್ ಅವೆನ್ಯೂದ 1520ನೇ ನಂಬರ್ ಕಟ್ಟಡದಲ್ಲಿ ಸಿಂಡಿ ಕ್ಯಾಂಪ್‌ಬೆಲ್ ಒಂದು ಪಾರ್ಟಿ ಮಾಡಿದ್ದರು. ಅಲ್ಲಿ ಅಣ್ಣ ಡಿಜೆ ಕೂಲ್ ಹರ್ಕ್ ರೆಕಾರ್ಡ್ ಹಾಕಿದರು. ಆ ದಿನವನ್ನೇ ಹಿಪ್ ಹಾಪ್‌ನ ಹುಟ್ಟುಹಬ್ಬ ಎಂದು ಜನ ಆಚರಿಸುತ್ತಾರೆ. ಅಂದರೆ ಸಿಲ್ವಿಯಾ ನೋಡುವ ಹೊತ್ತಿಗೆ ಈ ಕಲೆಗೆ ಆರು ವರ್ಷ. ಆದರೆ ಅದು ಇದ್ದದ್ದು ಪಾರ್ಕುಗಳಲ್ಲಿ, ಶಾಲೆಯ ಜಿಮ್‌ಗಳಲ್ಲಿ, ಕೈಯಿಂದ ಕೈಗೆ ದಾಟುವ ಕ್ಯಾಸೆಟ್ಟುಗಳಲ್ಲಿ. ರೆಕಾರ್ಡ್ ಮಾಡುವ ಯೋಚನೆ ಬಹಳ ಜನಕ್ಕೆ ಬಂದಿರಲಿಲ್ಲ. ಬೇರೆಯವರ ರೆಕಾರ್ಡಿನ ಮೇಲೆ ಮಾತಾಡಿದ್ದನ್ನು ಇನ್ನೊಂದು ರೆಕಾರ್ಡ್ ಮಾಡಿದರೆ ಯಾರು ಕೊಳ್ಳುತ್ತಾರೆ ಎಂದು ಬ್ರಾಂಕ್ಸ್‌ನ ಹೆಸರಾಂತ ಡಿಜೆ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್‌ಗೇ ಅನ್ನಿಸಿತ್ತು.

ಸಿಲ್ವಿಯಾಗೆ ಹಾಗನ್ನಿಸಲಿಲ್ಲ. ಪಾರ್ಟಿಯಲ್ಲಿ ಜನ ಕೂಗುವುದನ್ನು ನೋಡಿದ ಕೂಡಲೇ ಇದು ಮಾರಾಟವಾಗುತ್ತದೆ ಎಂದು ಅವರಿಗೆ ಗೊತ್ತಾಯಿತು. ಇಪ್ಪತ್ತೈದು ವರ್ಷ ಹಾಡಿ, ನುಡಿಸಿ, ಹಾಡು ಮಾರಿದವರ ಕಿವಿ ಅದು.

ಮುಂದಿನದು ಪಿಜ್ಜಾ ಅಂಗಡಿಯ ಕತೆ. ಎಂಗಲ್‌ವುಡ್‌ನ ‘ಕ್ರಿಸ್ಪಿ ಕ್ರಸ್ಟ್’ ಎಂಬ ಅಂಗಡಿಯಲ್ಲಿ ಹ್ಯಾಂಕ್ ಕೆಲಸ ಮಾಡುತ್ತಿದ್ದ. ಅವನು ಕ್ಯಾಝ್‌ನ ಮ್ಯಾನೇಜರ್ ಕೂಡ. ಕ್ಯಾಝ್‌ನ ಟೇಪ್ ಹಾಕಿಕೊಂಡು, ಜೊತೆಗೆ ತಾನೂ ಪ್ರಾಸ ಹೇಳುತ್ತಾ ಪಿಜ್ಜಾ ಮಾಡುತ್ತಿದ್ದ. ಸಿಲ್ವಿಯಾ ಮಗ ಜೋಯಿ ಅಮ್ಮನನ್ನು ಅಲ್ಲಿಗೆ ಕರೆತಂದ. ಹ್ಯಾಂಕ್ ಮೈಗೆಲ್ಲ ಹಿಟ್ಟು ಮೆತ್ತಿಕೊಂಡೇ ಬಂದು ಕಾರಿನಲ್ಲಿ ಕೂತು ಹಾಡಿ ತೋರಿಸಿದ. ಅಲ್ಲೇ ಗೈ ಓಬ್ರಿಯನ್ ಅಂದರೆ ಮಾಸ್ಟರ್ ಜೀ, ಮೈಕಲ್ ರೈಟ್ ಅಂದರೆ ವಂಡರ್ ಮೈಕ್ ಸೇರಿಕೊಂಡರು. ಇವರಲ್ಲಿ ಯಾರನ್ನು ಆರಿಸೋದು? ಮೂವರನ್ನೂ ಒಂದು ತಂಡ ಮಾಡಿಬಿಟ್ಟರು ಸಿಲ್ವಿಯಾ. ಹಾರ್ಲೆಮ್‌ನ ಒಂದು ಬಡಾವಣೆಯ ಹೆಸರನ್ನು ಹೊಸ ಕಂಪನಿಗೂ ತಂಡಕ್ಕೂ ಇಟ್ಟರು: ಶುಗರ್ ಹಿಲ್. ಬಂಡವಾಳ ಹಾಕಿದವರು ರೂಲೆಟ್ ರೆಕಾರ್ಡ್ಸ್‌ನ ಮಾರಿಸ್ ಲೆವಿ. ಕಲಾವಿದರಿಗೆ ದುಡ್ಡು ಕೊಡದೆ ಸತಾಯಿಸುವುದರಲ್ಲಿ ಅವರ ಹೆಸರು ಆಗಲೇ ಕುಖ್ಯಾತವಾಗಿತ್ತು.

ಆಗ ಇವತ್ತಿನ ಹಾಗೆ ಹಳೆಯ ಹಾಡಿನ ತುಣುಕನ್ನು ಸುಲಭವಾಗಿ ಕತ್ತರಿಸಿ ಅಂಟಿಸುವ ಯಂತ್ರ ಇರಲಿಲ್ಲ. ಅದೇ ಬೇಸಿಗೆಯಲ್ಲಿ ಎಲ್ಲ ಕಡೆ ಕೇಳುತ್ತಿದ್ದ ಚಿಕ್ ಎಂಬ ಡಿಸ್ಕೋ ತಂಡದ ‘ಗುಡ್ ಟೈಮ್ಸ್’ ಹಾಡಿನ ಬೇಸ್ ಗಿಟಾರ್ ನಡೆಯನ್ನು ಸ್ಟುಡಿಯೋದಲ್ಲಿ ವಾದ್ಯದವರಿಂದ ಮತ್ತೆ ನುಡಿಸಿದರು. ಹದಿನೈದು ನಿಮಿಷ ಬೆರಳು ತಪ್ಪದೆ ಅದನ್ನು ನುಡಿಸಿದ್ದು ತಾನು, ಸಿಕ್ಕಿದ್ದು 70 ಡಾಲರ್ ಎಂದು ಚಿಪ್ ಶಿಯರಿನ್ ಎಂಬುವವರು ಎಷ್ಟೋ ವರ್ಷಗಳ ಮೇಲೆ ಹೇಳಿಕೊಂಡರು. ಅವರಿಗೆ ಆಗ ಹದಿನೇಳು ವರ್ಷ. ಮೂವರು ಹುಡುಗರು ಒಂದೇ ಟೇಕ್‌ನಲ್ಲಿ ಹಾಡಿ ಮುಗಿಸಿದರು.

1979ರ ಸೆಪ್ಟೆಂಬರ್‌ನಲ್ಲಿ ರೆಕಾರ್ಡ್ ಹೊರಬಂತು. ಹದಿನಾಲ್ಕೂವರೆ ನಿಮಿಷದ ಹಾಡನ್ನು ಯಾವ ರೇಡಿಯೋ ಹಾಕುತ್ತದೆ ಎಂದವರೇ ಜಾಸ್ತಿ. ಜನ ಫೋನ್ ಮಾಡಿ ಮಾಡಿ ಹಾಕಿಸಿಕೊಂಡರು. 1980ರ ಜನವರಿಯಲ್ಲಿ ಅದು ಅಮೆರಿಕದ ಪಾಪ್ ಪಟ್ಟಿಯಲ್ಲಿ 36ನೇ ಸ್ಥಾನ ಮುಟ್ಟಿತು. ಬ್ರಿಟನ್ನಿನಲ್ಲಿ 3ನೇ ಸ್ಥಾನ. ಇದಕ್ಕೆ ಸ್ವಲ್ಪ ಮುಂಚೆ ಫ್ಯಾಟ್‌ಬ್ಯಾಕ್ ತಂಡದ ಒಂದು ರೆಕಾರ್ಡಿನಲ್ಲೂ ರ‍್ಯಾಪ್ ಇತ್ತು. ಆದರೆ ಲೋಕಕ್ಕೆ ರ‍್ಯಾಪ್ ಅಂದರೆ ಏನೆಂದು ತೋರಿಸಿದ್ದು ಇದೇ.

ಮೊದಲ ತಕರಾರು ತಾಳದ ಮೇಲೆ ಬಂತು. ಚಿಕ್ ತಂಡದ ನೈಲ್ ರಾಜರ್ಸ್ ಕ್ಲಬ್ಬೊಂದರಲ್ಲಿ ಈ ಹಾಡು ಕೇಳಿ ದಂಗಾದರು. ತಮ್ಮದೇ ನಡೆ, ಮೇಲೆ ಬೇರೆಯವರ ಮಾತು. ಕೋರ್ಟಿಗೆ ಹೋಗುತ್ತೇವೆ ಎಂದು ಹೆದರಿಸಿದ ಮೇಲೆ ಅವರ ಮತ್ತು ಬರ್ನಾರ್ಡ್ ಎಡ್ವರ್ಡ್ಸ್ ಹೆಸರು ರಚನೆಕಾರರ ಪಟ್ಟಿಗೆ ಸೇರಿತು. ಹಾಡಿನ ದುಡ್ಡೂ ಬರತೊಡಗಿತು. ಅವರಿಗೆ ವಕೀಲರಿದ್ದರು, ದೊಡ್ಡ ಕಂಪನಿಯ ಬೆಂಬಲ ಇತ್ತು. ಕ್ಯಾಝ್‌ಗೆ ಏನಿತ್ತು? ಒಂದು ನೋಟ್‌ಬುಕ್. ಹ್ಯಾಂಕ್ ಬಂದು ಸಾಲು ಕೇಳಿದಾಗ, ಇವನಿಗೆ ಒಳ್ಳೆಯದಾದರೆ ನಾಳೆ ನಮಗೂ ದಾರಿಯಾದೀತು ಎಂದುಕೊಂಡು ಸುಮ್ನೆ ಕೊಟ್ಟಿದ್ದ. ದಾರಿ ಆಗಲಿಲ್ಲ, ದುಡ್ಡೂ ಬರಲಿಲ್ಲ.

ಶುಗರ್ ಹಿಲ್ ಆ ಒಂದು ಹಾಡಿನ ಮೇಲೆ ಕೂರಲಿಲ್ಲ, ಇದನ್ನು ಒಪ್ಪಲೇಬೇಕು. ದಕ್ಷಿಣ ಕೆರೊಲಿನಾದಿಂದ ಮೂವರು ಹುಡುಗಿಯರ ‘ದಿ ಸೀಕ್ವೆನ್ಸ್’ ತಂಡವನ್ನು ಸಿಲ್ವಿಯಾ ಕರೆತಂದರು. ಮುಂದೆ ಸೋಲ್ ಗಾಯಕಿಯಾಗಿ ಹೆಸರಾದ ಆ್ಯಂಜಿ ಸ್ಟೋನ್ ಅದರಲ್ಲಿ ಒಬ್ಬರು. ಡಗ್ ವಿಂಬಿಶ್, ಸ್ಕಿಪ್ ಮೆಕ್‌ಡೊನಾಲ್ಡ್, ಕೀತ್ ಲೆಬ್ಲಾಂಕ್ ಎಂಬ ಮೂವರು ಪಳಗಿದ ವಾದಕರನ್ನು ಸ್ಟುಡಿಯೋದಲ್ಲಿ ಕೂರಿಸಿದರು. 1980ರಲ್ಲಿ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ಆ್ಯಂಡ್ ದಿ ಫ್ಯೂರಿಯಸ್ ಫೈವ್ ತಂಡ ಇವರ ಕಂಪನಿ ಸೇರಿತು.

ಆಮೇಲೆ ಬಂತು ‘ದಿ ಮೆಸೇಜ್’. ಕಂಪನಿಯ ವಾದಕ ಎಡ್ ಫ್ಲೆಚರ್, ಅಂದರೆ ಡ್ಯೂಕ್ ಬೂಟಿ, ಬಡ ಬಡಾವಣೆಯ ಬದುಕಿನ ಮೇಲೆ ನಿಧಾನ ಗತಿಯ ಒಂದು ಹಾಡು ಬರೆದಿದ್ದರು. ಎಲ್ಲೆಲ್ಲೂ ಒಡೆದ ಗಾಜು, ಮೆಟ್ಟಿಲ ಮೇಲೆ ಉಚ್ಚೆ ಹೊಯ್ಯುವ ಜನ, ಬಾಕಿ ಬಿದ್ದ ಸಾಲ. ತಂಡದವರಿಗೆ ಇದು ಹಿಡಿಸಲಿಲ್ಲ. ಪಾರ್ಟಿಗೆ ಬಂದವರು ಕಷ್ಟದ ಕತೆ ಯಾಕೆ ಕೇಳುತ್ತಾರೆ ಎಂದರು. ಸಿಲ್ವಿಯಾ ಬಿಡಲಿಲ್ಲ. ಕೊನೆಗೆ ತಂಡದ ಮೆಲಿ ಮೆಲ್ ಒಬ್ಬರೇ ಒಪ್ಪಿದರು. 1982ರಲ್ಲಿ ರೆಕಾರ್ಡ್ ಬಂದಾಗ ಅದರಲ್ಲಿ ರ‍್ಯಾಪ್ ಮಾಡಿದವರು ಬೂಟಿ ಮತ್ತು ಮೆಲ್ ಮಾತ್ರ. ಮೊದಲು ಅಚ್ಚಾದ ಹೆಸರು ಮಾತ್ರ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ತಂಡದ್ದು. ವಿಡಿಯೋದಲ್ಲಿ ಬೂಟಿಯ ಸಾಲುಗಳಿಗೆ ತಂಡದ ರಹೀಮ್ ತುಟಿ ಆಡಿಸಿದರು.

ಆ ಹಾಡು ಹಿಪ್ ಹಾಪ್‌ನ ದಿಕ್ಕನ್ನೇ ಬದಲಿಸಿತು. ಕುಣಿಸುವ ಮಾತು ಬದುಕಿನ ವರದಿಯೂ ಆಗಬಹುದು ಎಂದು ತೋರಿಸಿತು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಕಾಪಿಡಬೇಕಾದ ಧ್ವನಿಮುದ್ರಣಗಳ ಮೊದಲ ಪಟ್ಟಿ ಮಾಡಿದಾಗ ಅದರಲ್ಲಿದ್ದ ಒಂದೇ ಒಂದು ಹಿಪ್ ಹಾಪ್ ಹಾಡು ಇದು. ಸಿಲ್ವಿಯಾ ಹಟ ಹಿಡಿಯದಿದ್ದರೆ ಇದು ಬರುತ್ತಲೇ ಇರಲಿಲ್ಲ. ನನ್ನ ಮಟ್ಟಿಗೆ ಅವರ ಅತಿ ದೊಡ್ಡ ಕೆಲಸ ಇದೇ.

ಅದೇ ಹಾಡು ಮನೆಯನ್ನೂ ಒಡೆಯಿತು. ರಾಯಲ್ಟಿ, ಅಂದರೆ ಮಾರಾಟದ ಪಾಲು ಬಂದಿಲ್ಲ, ಹೆಸರು ನನ್ನದು ಎಂದು 1983ರಲ್ಲಿ ಫ್ಲ್ಯಾಶ್ ಕೋರ್ಟಿಗೆ ಹೋದರು. ಹೊರನಡೆದರು. ಅದೇ ವರ್ಷ ‘ವೈಟ್ ಲೈನ್ಸ್’ ಬಂತು. ಅದರ ಮೇಲೆ ಅಚ್ಚಾದ ಹೆಸರು ನೋಡಿ: ‘ಗ್ರ್ಯಾಂಡ್‌ಮಾಸ್ಟರ್ ಆ್ಯಂಡ್ ಮೆಲಿ ಮೆಲ್’. ಅಂಗಡಿಯಲ್ಲಿ ಕೈಗೆತ್ತಿಕೊಂಡವರು ಫ್ಲ್ಯಾಶ್ ಇದ್ದಾರೆ ಎಂದೇ ತಿಳಿಯುತ್ತಾರೆ, ಅಲ್ವಾ? ಹಾಡಿನ ಬೇಸ್ ನಡೆಯೋ, ಲಿಕ್ವಿಡ್ ಲಿಕ್ವಿಡ್ ಎಂಬ ಸಣ್ಣ ತಂಡದ್ದು. ಅವರ ಕಂಪನಿ 99 ರೆಕಾರ್ಡ್ಸ್ ಕೋರ್ಟಿನಲ್ಲಿ ಹೋರಾಡಿ ಗೆದ್ದಿತು. ದುಡ್ಡು ಕೈಗೆ ಬರುವಷ್ಟರಲ್ಲಿ ಶುಗರ್ ಹಿಲ್ ದಿವಾಳಿಯೆಂದು ಘೋಷಿಸಿಕೊಂಡಿತು. 99 ರೆಕಾರ್ಡ್ಸ್ ಕೂಡ ಬಾಗಿಲು ಹಾಕಿತು.

ಶುಗರ್ ಹಿಲ್ ಮುಳುಗಲು ಬೇರೆ ಕಾರಣಗಳೂ ಇದ್ದವು. ಎಮ್‌ಸಿಎ ಎಂಬ ದೊಡ್ಡ ರೆಕಾರ್ಡ್ ಕಂಪನಿಯ ಜೊತೆಗಿನ ವಿತರಣೆ ಒಪ್ಪಂದ ಕೆಟ್ಟಿತು, ಚೆಸ್ ಭಂಡಾರ ಅವರ ಪಾಲಾಯಿತು. ಸಂಗೀತವೂ ಬದಲಾಗಿತ್ತು. ರನ್ ಡಿಎಮ್‌ಸಿ ತಂಡ ಬರೀ ಡ್ರಮ್ ಯಂತ್ರದ ಏಟಿನ ಮೇಲೆ ಹಾಡಿ ಗೆದ್ದಿತು. ಸ್ಟುಡಿಯೋ ತುಂಬ ವಾದ್ಯದವರನ್ನು ಕೂರಿಸುವ ಕಾಲ ಮುಗಿಯಿತು. ಎಂಬತ್ತರ ದಶಕದ ಮಧ್ಯಕ್ಕೆ ಎಲ್ಲ ನಿಂತಿತು. 2002ರಲ್ಲಿ ಎಂಗಲ್‌ವುಡ್‌ನ ಸ್ಟುಡಿಯೋ ಬೆಂಕಿಗೆ ಸುಟ್ಟುಹೋಯಿತು.

ಜಗಳ ಮಾತ್ರ ಸುಡಲಿಲ್ಲ. 1991ರಲ್ಲಿ ಬಿಜ್ ಮಾರ್ಕಿ ಎಂಬ ರ‍್ಯಾಪರ್ ಮೇಲಿನ ಕೇಸಿನಲ್ಲಿ ನ್ಯೂಯಾರ್ಕಿನ ನ್ಯಾಯಾಧೀಶರು ಅನುಮತಿ ಇಲ್ಲದೆ ಬೇರೆಯವರ ಹಾಡಿನ ತುಣುಕು ಬಳಸಿದ್ದು ತಪ್ಪೆಂದರು. ಅಲ್ಲಿಂದ ಮೊದಲೇ ಕೇಳಿ, ದುಡ್ಡು ಕೊಟ್ಟು, ಹೆಸರು ಹಾಕುವುದು ಪದ್ಧತಿಯಾಯಿತು. ವಂಡರ್ ಮೈಕ್ ಮತ್ತು ಮಾಸ್ಟರ್ ಜೀ ತಮ್ಮ ವೇದಿಕೆಯ ಹೆಸರುಗಳಿಗಾಗಿಯೇ ವರ್ಷಗಟ್ಟಲೆ ಹೋರಾಡಬೇಕಾಯಿತು. ಅವುಗಳ ಹಕ್ಕನ್ನು ನೋಂದಾಯಿಸಿಕೊಂಡಿದ್ದವರು ಸಿಲ್ವಿಯಾ ಮಗ ಜೋಯಿ.

2009ರಲ್ಲಿ ಜೇ ಝಿ ಮತ್ತು ಅಲಿಶಿಯಾ ಕೀಸ್ ಹಾಡಿದ ‘ಎಂಪೈರ್ ಸ್ಟೇಟ್ ಆಫ್ ಮೈಂಡ್’ ಅಮೆರಿಕದಲ್ಲಿ ನಂಬರ್ 1 ಆಯಿತು. ಅದರ ಪಿಯಾನೋ ಬಂದದ್ದು ‘ಲವ್ ಆನ್ ಎ ಟೂ ವೇ ಸ್ಟ್ರೀಟ್’ನಿಂದ. ರಚನೆಕಾರರ ಪಟ್ಟಿಯಲ್ಲಿ ಸಿಲ್ವಿಯಾ ರಾಬಿನ್ಸನ್ ಹೆಸರು ಸರಿಯಾಗಿ ಅಚ್ಚಾಗಿತ್ತು. ಎರಡು ವರ್ಷದ ಮೇಲೆ, 2011ರ ಸೆಪ್ಟೆಂಬರ್ 29ರಂದು ಅವರು ತೀರಿಕೊಂಡರು. 2022ರಲ್ಲಿ ರಾಕ್ ಆ್ಯಂಡ್ ರೋಲ್ ಹಾಲ್ ಆಫ್ ಫೇಮ್ ಅವರನ್ನು ಸೇರಿಸಿಕೊಂಡಿತು.

‘ರ‍್ಯಾಪರ್ಸ್ ಡಿಲೈಟ್’ ರಚನೆಕಾರರ ಪಟ್ಟಿಯಲ್ಲಿ ಕ್ಯಾಝ್ ಹೆಸರು ಬರಲಿಲ್ಲ. ಅವರು ಈ ಇಡೀ ಕತೆಯನ್ನೇ ಪ್ರಾಸ ಕಟ್ಟಿ ‘ಎಮ್‌ಸಿ ಡಿಲೈಟ್’ ಎಂಬ ಹಾಡು ಮಾಡಿದರು. ಹಾರ್ಲೆಮ್ ಮತ್ತು ಬ್ರಾಂಕ್ಸ್‌ನಲ್ಲಿ ಪ್ರವಾಸಿಗರನ್ನು ಬಸ್ಸಿನಲ್ಲಿ ಕೂರಿಸಿಕೊಂಡು, ಮೈಕ್ ಹಿಡಿದು, ಹಿಪ್ ಹಾಪ್ ಹುಟ್ಟಿದ ಬೀದಿಗಳನ್ನು ತೋರಿಸುವ ಕೆಲಸವನ್ನೂ ಅವರು ವರ್ಷಗಳಿಂದ ಮಾಡುತ್ತಾ ಬಂದಿದ್ದಾರೆ.