ಶಾಲೆಯ ಮೌಲ್ಯಗಳು ಗೋಡೆಯ ಮೇಲೋ, ನಡೆಯಲ್ಲೋ?

ಎಲ್ಲರದು ಅನ್ನಿಸುವ ಮುನ್ನೋಟ, ಧ್ಯೇಯ, ಮೌಲ್ಯಗಳನ್ನು ಒಂದು ಶಾಲೆ ಹೇಗೆ ಕಟ್ಟಿಕೊಳ್ಳಬೇಕು ಎನ್ನುವುದು ಇಲ್ಲಿನ ಪ್ರಶ್ನೆ. ಮೊದಲು ಈ ಮೂರು ಪದ ಬಿಡಿಸಿಕೊಳ್ಳೋಣ. ಇವನ್ನು ಕಲಸಿಬಿಡುವವರೇ ಜಾಸ್ತಿ. ಮುನ್ನೋಟ ಅಂದರೆ ನಮ್ಮ ಮಕ್ಕಳು ಶಾಲೆ ಮುಗಿಸಿ ಹೋಗುವಾಗ ಎಂಥವರಾಗಿರಬೇಕು ಎನ್ನುವ ಚಿತ್ರ. ಧ್ಯೇಯ ಅಂದರೆ ಅದಕ್ಕಾಗಿ ದಿನಾ ಮಾಡುವ ಕೆಲಸ. ಮೌಲ್ಯ ಅಂದರೆ ಆ ಕೆಲಸ ಮಾಡುವಾಗ ಏನೇ ಆದರೂ ಬಿಟ್ಟುಕೊಡದ ನಡತೆ.

ಕಷ್ಟ ಇರುವುದು 'ಎಲ್ಲರದು' ಎನ್ನುವ ಮಾತಿನಲ್ಲಿ. ಮುಖ್ಯ ಶಿಕ್ಷಕರು ಒಬ್ಬರೇ ಕೂತು ಚೆಂದದ ಸಾಲು ಬರೆದು ಎಲ್ಲರ ಸಹಿ ಹಾಕಿಸಿದರೆ ಅದು ಎಲ್ಲರದು ಆಗಲ್ಲ, ಅಲ್ವಾ? ನಿರ್ವಹಣಾ ಚಿಂತಕ ಪೀಟರ್ ಸೆಂಗೆ 1990ರಲ್ಲಿ ಸಂಸ್ಥೆಗಳ ಬಗ್ಗೆ ಬರೆಯುತ್ತಾ ಇದನ್ನೇ ಬಿಡಿಸಿ ಹೇಳಿದರು: ಹೇಳಿದ್ದಕ್ಕೆ ತಲೆಯಾಡಿಸುವುದು ಬೇರೆ, ಇದು ನನ್ನದು ಅಂತ ಹಚ್ಚಿಕೊಳ್ಳುವುದು ಬೇರೆ.

ಇನ್ನು ನನಗೆ ತುಂಬಾ ಮುಖ್ಯ ಅನ್ನಿಸುವ ಭಾಗ. ಜನ, ಸಂಸ್ಥೆಗಳು ಕಲಿಯುವ ಬಗೆಯನ್ನು ಅಧ್ಯಯನ ಮಾಡಿದ ಕ್ರಿಸ್ ಆರ್ಗಿರಿಸ್ ಮತ್ತು ಡೊನಾಲ್ಡ್ ಶೋನ್ 1974ರಲ್ಲಿ ತೋರಿಸಿದ್ದು ಏನೆಂದರೆ, ನಾವು ನಂಬುತ್ತೇವೆ ಅಂತ ಹೇಳುವ ತತ್ವ ಒಂದಿರುತ್ತದೆ, ನಮ್ಮ ಕೆಲಸವನ್ನು ನಿಜವಾಗಿ ನಡೆಸುವ ತತ್ವ ಇನ್ನೊಂದಿರುತ್ತದೆ, ಎಷ್ಟೋ ಸಲ ಆ ಅಂತರ ನಮಗೇ ಕಾಣುವುದಿಲ್ಲ. 'ತಪ್ಪು ಮಾಡುತ್ತಾ ಕಲಿಯೋಣ' ಅಂತ ಗೋಡೆಯ ಮೇಲೆ ಬರೆದಿದೆ ಅನ್ನಿ. ಒಬ್ಬ ಹುಡುಗಿ ತಪ್ಪು ಉತ್ತರ ಹೇಳುತ್ತಾಳೆ, ತರಗತಿ ನಗುತ್ತದೆ, ಶಿಕ್ಷಕರು ಸುಮ್ಮನಿರುತ್ತಾರೆ. ಆ ಶಾಲೆಯ ಮೌಲ್ಯ ಏನು ಅಂತ ಅವಳಿಗೆ ಆ ಕ್ಷಣವೇ ಗೊತ್ತಾಯಿತು. ನಾಳೆಯಿಂದ ಕೈ ಎತ್ತುವುದಿಲ್ಲ. ಹೀಗೆ ಪಾಠದಲ್ಲಿ ಇಲ್ಲದೆಯೂ ಮಕ್ಕಳು ಕಲಿತುಬಿಡುವುದಕ್ಕೆ ಗುಪ್ತ ಪಠ್ಯಕ್ರಮ ಎನ್ನುತ್ತಾರೆ. ಶಿಕ್ಷಣ ತಜ್ಞ ಫಿಲಿಪ್ ಜಾಕ್ಸನ್ 1968ರಲ್ಲಿ ಬಳಸಿದ ಪದ ಇದು.

ಮಾತು, ನಡೆ ಬೇರೆಯಾದರೆ ಒಬ್ಬರನ್ನೊಬ್ಬರು ನಂಬುವುದು ಹೇಗೆ? ನಂಬಿಕೆಯ ಮಾತು ಇಲ್ಲಿಯೇ ಬರುತ್ತದೆ. ಶಿಕಾಗೋದ ಪ್ರಾಥಮಿಕ ಶಾಲೆಗಳನ್ನು ವರ್ಷಗಟ್ಟಲೆ ನೋಡಿ ಸಂಶೋಧಕರಾದ ಆಂಥೊನಿ ಬ್ರೈಕ್ ಮತ್ತು ಬಾರ್ಬರಾ ಷ್ನೈಡರ್ 2002ರಲ್ಲಿ ಬರೆದರು: ಶಿಕ್ಷಕರು, ಮುಖ್ಯ ಶಿಕ್ಷಕರು, ಪೋಷಕರು ಹೀಗೆ ದೊಡ್ಡವರ ನಡುವೆ ನಂಬಿಕೆ ಗಟ್ಟಿಯಾಗಿದ್ದ ಶಾಲೆಗಳಲ್ಲಿ ಮಕ್ಕಳ ಓದು, ಗಣಿತ ಸುಧಾರಿಸುವ ಸಾಧ್ಯತೆ ಹೆಚ್ಚು. ನಂಬಿಕೆಗೆ ಅವರು ಹೇಳಿದ ನಾಲ್ಕು ಆಧಾರ: ಗೌರವ, ಕೆಲಸದಲ್ಲಿ ಸಾಮರ್ಥ್ಯ, ಕಾಳಜಿ, ನುಡಿದಂತೆ ನಡೆಯುವುದು. ಕೊನೆಯದನ್ನು ಆರ್ಗಿರಿಸ್ ಮಾತಿನ ಜೊತೆ ಇಟ್ಟು ನೋಡಿ, ಎರಡೂ ಒಂದೇ ಕಡೆ ಕೈ ತೋರಿಸುತ್ತವೆ.

ಮುನ್ನೋಟ ಕಟ್ಟುವ ಸಭೆಯಲ್ಲಿ 'ಯಾವ ಮೌಲ್ಯ ಬೇಕು?' ಅಂತ ಕೇಳಬೇಡಿ, ಎಲ್ಲರೂ ಪ್ರಾಮಾಣಿಕತೆ, ಶಿಸ್ತು ಅಂದುಬಿಡುತ್ತಾರೆ. 'ಇಲ್ಲಿ ಕಲಿಯುವುದು ಯಾವಾಗ ಖುಷಿ ಕೊಟ್ಟಿತು, ಯಾವಾಗ ನೋವಾಯಿತು?' ಅಂತ ಮಕ್ಕಳನ್ನು, ಪೋಷಕರನ್ನು, ಶಾಲೆ ಗುಡಿಸುವವರನ್ನೂ ಕೇಳಿ. ಆಮೇಲೆ ವೇಳಾಪಟ್ಟಿ ತೆಗೆದು, ಬರೆದದ್ದಕ್ಕೆ ಅಲ್ಲಿ ಜಾಗ ಇದೆಯಾ ಅಂತ ನೋಡಿ. ಮುನ್ನೋಟದಲ್ಲಿ ಕುತೂಹಲ ಅಂತ ಬರೆದಿದ್ದರೆ ಒಂದು ಪೀರಿಯಡ್‌ನಲ್ಲಿ ಹಿಂದೆ ಕೂತು, ಮಕ್ಕಳು ತಾವಾಗಿಯೇ ಎಷ್ಟು ಪ್ರಶ್ನೆ ಕೇಳಿದರು ಅಂತ ಎಣಿಸಿ.