ತಗ್ಗು ಉಬ್ಬಾಗಿ ಕಂಡಾಗ

ಮಸ್ಕಿಯ ಅಶೋಕನ ಶಾಸನದ್ದೋ, ಕೊಪ್ಪಳದ ಗವಿಮಠ ಇಲ್ಲವೇ ಪಾಲ್ಕಿಗುಂಡಿನ ಶಾಸನದ್ದೋ ಫೋಟೊ ನಿಮ್ಮ ಮೊಬೈಲಿನಲ್ಲಿದ್ದರೆ ತೆಗೆಯಿರಿ. ಮೇಲಿನಿಂದ ಓರೆ ಬೆಳಕು ಬಿದ್ದಾಗ ತೆಗೆದ ಫೋಟೊ ಆಗಿರಬೇಕು. ಅದನ್ನು ತಲೆಕೆಳಗು ಮಾಡಿ ನೋಡಿ. ಕಲ್ಲಿನೊಳಗೆ ಕೊರೆದ ಗೆರೆಗಳು ಕಲ್ಲಿನ ಮೇಲೆ ಎದ್ದು ನಿಂತಂತೆ ಕಾಣುತ್ತವೆ. ಅಕ್ಷರ ಕೊರೆದದ್ದು ಎಂದು ನಿಮಗೆ ಚೆನ್ನಾಗಿ ಗೊತ್ತಿದೆ. ಆದರೂ ಕಣ್ಣು ಕೇಳುವುದಿಲ್ಲ.

ಕಾರಣ ಕಲ್ಲಿನಲ್ಲಿಲ್ಲ, ನಮ್ಮ ತಲೆಯಲ್ಲಿದೆ. ಫೋಟೊದಲ್ಲಿ ಆಳವೆಂಬುದೇ ಇಲ್ಲ, ಇರುವುದು ಬರೀ ಕಪ್ಪು ಬಿಳುಪು. ಯಾವುದು ತಗ್ಗು, ಯಾವುದು ಉಬ್ಬು ಎಂಬುದನ್ನು ಮಿದುಳು ಊಹಿಸಬೇಕು. ಊಹಿಸಲು ಅದಕ್ಕೊಂದು ಆಧಾರ ಬೇಕು: ಬೆಳಕು ಮೇಲಿನಿಂದ ಬರುತ್ತದೆ ಎಂಬುದೇ ಆ ಆಧಾರ. ಸೂರ್ಯ ಇರುವುದು ಮೇಲೆ ತಾನೆ? ಹಾಗೆ ಬೆಳಕು ಬಿದ್ದರೆ ತಗ್ಗಿನ ಮೇಲಂಚು ನೆರಳಾಗಿರುತ್ತದೆ, ಕೆಳಗಿನ ಅಂಚು ಹೊಳೆಯುತ್ತದೆ. ಉಬ್ಬಿಗೆ ಇದು ತಿರುಗುಮುರುಗು. ಫೋಟೊ ತಿರುಗಿಸಿದಾಗ ನೆರಳು ಕೆಳಗೆ ಬಂತು; ಮಿದುಳು ಬೆಳಕು ಕೆಳಗಿನಿಂದ ಬಂದಿರಬಹುದು ಎಂದು ಅನುಮಾನಿಸುವ ಬದಲು ತಗ್ಗನ್ನೇ ಉಬ್ಬು ಮಾಡಿಬಿಟ್ಟಿತು.

ಶಾಸನದ ತನಕ ಹೋಗಲಾಗದವರು ಅಡುಗೆಮನೆಯಲ್ಲೇ ಇದನ್ನು ಮಾಡಬಹುದು. ಚಪಾತಿಗೆ ಕಲಸಿದ ಗೋಧಿ ಹಿಟ್ಟಿನ ಮುದ್ದೆಯೊಂದನ್ನು ಅಂಗೈಯಗಲ, ಎರಡು ಬೆರಳು ದಪ್ಪ ತಟ್ಟಿ. ಹೆಬ್ಬೆರಳಿನಿಂದ ಸುಮಾರು ಅರ್ಧ ಸೆಂಟಿಮೀಟರ್ ಆಳಕ್ಕೆ ಆರೇಳು ಕಡೆ ಒತ್ತಿ. ಕೋಣೆಯ ದೀಪ ಆರಿಸಿ, ಹಿಟ್ಟಿನಿಂದ ಒಂದು ಅಡಿ ದೂರದಲ್ಲಿ ಬ್ಯಾಟರಿಯನ್ನು ತಗ್ಗಾಗಿ ಹಿಡಿದು ಬೆಳಕನ್ನು ಓರೆಯಾಗಿ ಬಿಡಿ. ಬ್ಯಾಟರಿ ಇರುವ ಕಡೆಯೇ ಫೋಟೊದ ಮೇಲ್ಭಾಗವಾಗುವಂತೆ ನೇರ ಮೇಲಿನಿಂದ ಫೋಟೊ ತೆಗೆಯಿರಿ. ಹಿಟ್ಟಿನ ಅಂಚು ಕಾಣದಂತೆ ಕತ್ತರಿಸಿ, ತಗ್ಗುಗಳಷ್ಟೇ ಉಳಿಸಿಕೊಳ್ಳಿ. ಈಗ ಮೊಬೈಲನ್ನು ಉಲ್ಟಾ ಹಿಡಿಯಿರಿ. ತಗ್ಗುಗಳೆಲ್ಲ ಬೋಂಡಾಗಳಂತೆ ಉಬ್ಬುತ್ತವೆ.

ಆಗದಿದ್ದರೆ ಎಡವಟ್ಟು ಎಲ್ಲಿ ಎಂದು ಹುಡುಕುವುದು ಕಷ್ಟವಲ್ಲ. ಮೊದಲು ನೋಡಬೇಕಾದ್ದು ಆಟೋ ರೊಟೇಟ್. ಅದು ಚಾಲೂ ಇದ್ದರೆ ನೀವು ಮೊಬೈಲ್ ತಿರುಗಿಸಿದಂತೆ ಚಿತ್ರವೂ ತಿರುಗಿ ಮೊದಲಿನಂತೆಯೇ ನಿಲ್ಲಬಹುದು. ಮೊಬೈಲಿನ ಫ್ಲ್ಯಾಶ್ ಹತ್ತಿದ್ದರೆ ಬೆಳಕು ಎದುರಿನಿಂದ ಬಿದ್ದು ನೆರಳೇ ಉಳಿಯುವುದಿಲ್ಲ. ಎರಡು ದೀಪವಿದ್ದರೆ ಎರಡು ನೆರಳು, ಮಿದುಳಿಗೆ ಗೊಂದಲ. ಹಿಟ್ಟಿಗೆ ಎಣ್ಣೆ ಹೆಚ್ಚಾಗಿದ್ದರೆ ಹೊಳಪಿನ ಚುಕ್ಕೆಗಳು ಗುಟ್ಟು ಬಿಟ್ಟುಕೊಡುತ್ತವೆ. ಹಿಟ್ಟನ್ನೇ ಎದುರಿಗಿಟ್ಟುಕೊಂಡು ಎರಡೂ ಕಣ್ಣು ಬಿಟ್ಟು ನೋಡಿದರೆ ಈ ಮೋಸ ನಡೆಯುವುದು ಕಡಿಮೆ. ಎರಡು ಕಣ್ಣಿಗೆ ಕಾಣುವ ಚಿತ್ರಗಳಲ್ಲಿ ಇರುವ ಸಣ್ಣ ವ್ಯತ್ಯಾಸವೇ ಆಳವನ್ನು ಹೇಳಿಬಿಡುತ್ತದೆ.

ಇಲ್ಲೊಂದು ವಿಚಿತ್ರವಿದೆ. ‘ಮೇಲೆ’ ಎಂದರೆ ಯಾವ ಮೇಲೆ? ಆಕಾಶವಿರುವ ಕಡೆಯೋ, ನೆತ್ತಿ ಇರುವ ಕಡೆಯೋ? ನರವಿಜ್ಞಾನಿ ವಿ. ಎಸ್. ರಾಮಚಂದ್ರನ್ 1988ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಉತ್ತರ ಸಿಕ್ಕಿತು: ನೆತ್ತಿಯ ಕಡೆ. ಫೋಟೊವನ್ನು ಹಾಗೇ ಬಿಟ್ಟು, ನೀವೇ ಬಗ್ಗಿ ಕಾಲುಗಳ ನಡುವಿನಿಂದ ನೋಡಿದರೂ ತಗ್ಗು ಉಬ್ಬುಗಳು ಅದಲುಬದಲಾಗುತ್ತವೆ. ಸೂರ್ಯ ಎಲ್ಲಿದ್ದಾನೆ ಎಂಬ ಲೆಕ್ಕವನ್ನು ಮಿದುಳು ಇಟ್ಟಿಲ್ಲ, ತಲೆ ನೆಟ್ಟಗಿದೆ ಎಂದುಕೊಂಡು ಅಗ್ಗದ ಲೆಕ್ಕವೊಂದನ್ನು ಇಟ್ಟುಕೊಂಡಿದೆ. ಆದರೆ ಈ ಲೆಕ್ಕ ಕಲ್ಲಿನ ಮೇಲಿನ ಗೆರೆಯಂತೆ ಶಾಶ್ವತವೂ ಅಲ್ಲ. 2004ರ ಒಂದು ಪ್ರಯೋಗದಲ್ಲಿ, ಬೆಳಕು ಬೇರೊಂದು ಓರೆಯಿಂದ ಬಂದರೆ ಉಬ್ಬು ಎಲ್ಲಿರಬೇಕೋ ಅಲ್ಲೇ ಕೈಗೆ ಉಬ್ಬು ಸಿಗುವ ಹಾಗೆ ಮಾಡಿದರು. ಮುಟ್ಟಿ ಮುಟ್ಟಿ ಕಲಿತ ಮೇಲೆ ಜನರ ಕಣ್ಣಿನ ಊಹೆಯೂ ಆ ಕಡೆಗೆ ಸರಿಯಿತು. ಕೈ ಕಲಿತದ್ದು ಕಣ್ಣಿಗೆ ದಾಟಿತು. ಈ ಇಡೀ ವಿಷಯದಲ್ಲಿ ನಮಗೆ ಅತಿ ದೊಡ್ಡದಾಗಿ ತೋರುವುದು ಇದೇ.

ಬೆಳಕಿನ ಊಹೆಗಿಂತಲೂ ಗಟ್ಟಿಯಾದ ಊಹೆ ಮುಖದ್ದು. ಜಾತ್ರೆಯಲ್ಲಿ ಸಿಗುವ ತೆಳು ಪ್ಲಾಸ್ಟಿಕ್ ಮುಖವಾಡದ ಒಳಮೈಗೆ ಹೊಳಪಿಲ್ಲದ ಒಂದೇ ಬಣ್ಣ ಬಳಿದು, ಒಳಮೈ ನಿಮ್ಮ ಕಡೆ ಬರುವಂತೆ ಗೋಡೆಗೆ ನಿಲ್ಲಿಸಿ. ಎರಡು ಮೀಟರ್ ದೂರ ಸರಿದು ಒಂದು ಕಣ್ಣು ಮುಚ್ಚಿ. ಒಳಗೆ ಹೋದ ಮೂಗು ಹೊರಗೆ ಬಂದು ನಿಲ್ಲುತ್ತದೆ. ನೀವು ಎಡಕ್ಕೆ ಬಲಕ್ಕೆ ನಡೆದರೆ ಮುಖವೂ ನಿಮ್ಮತ್ತ ತಿರುಗುತ್ತಾ ಬರುತ್ತದೆ. ಬೆಳಕನ್ನು ಕೆಳಗಿನಿಂದ ಬಿಟ್ಟರೆ ಇನ್ನೂ ಚೆನ್ನ. ತೀರ ಹತ್ತಿರ ಹೋಗಿ ಎರಡೂ ಕಣ್ಣು ಬಿಟ್ಟರೆ ಮಾತ್ರ ಮೂಗು ಸರಕ್ಕನೆ ಒಳಗೆ ಹೋಗುತ್ತದೆ. ಹುಟ್ಟಿದಂದಿನಿಂದ ಒಳಮುಖ ಮೂಗಿನವರನ್ನು ಯಾರೂ ನೋಡಿಲ್ಲ. ಹಾಗಾಗಿ ಕಣ್ಣು ತಂದುಕೊಟ್ಟ ಸುದ್ದಿಯನ್ನು ಮಿದುಳು ನಂಬುವುದಿಲ್ಲ.

ಬಳ್ಳಾರಿಯ ಕುಂಬಾರ ಗುಡ್ಡವನ್ನು ಆಗ್ನೇಯ ದಿಕ್ಕಿನಿಂದ ನೋಡಿದವರಿಗೆ ಅದರಲ್ಲಿ ಮನುಷ್ಯನ ಮುಖ ಕಾಣುತ್ತದೆ, ‘ಫೇಸ್ ಹಿಲ್’ ಎಂಬ ಹೆಸರು ಬಂದದ್ದೇ ಅದರಿಂದ. ಬಂಡೆಗೂ ಮುಖಕ್ಕೂ ಸಂಬಂಧವಿಲ್ಲ. ಕಿವಿಯ ಹಿಂಬದಿಗೆ, ಮಿದುಳಿನ ತಳಭಾಗದಲ್ಲಿ ಮುಖಗಳಿಗೆಂದೇ ಚುರುಕಾಗುವ ಒಂದು ಜಾಗ ಇದೆ. ಮುಖ ಕಣ್ಣಿಗೆ ಬಿದ್ದ ಸೆಕೆಂಡಿನ ಐದನೇ ಒಂದು ಭಾಗಕ್ಕೂ ಮೊದಲೇ ಮಿದುಳಿನ ವಿದ್ಯುತ್ತಿನಲ್ಲಿ ಅದರ ಗುರುತು ಸಿಗುತ್ತದೆ. ಅಷ್ಟು ಅವಸರದ ಕೆಲಸದಲ್ಲಿ ಬಂಡೆಗಳೂ ಸೇರಿಕೊಳ್ಳುತ್ತವೆ. 1976ರಲ್ಲಿ ವೈಕಿಂಗ್ 1 ನೌಕೆ ಮಂಗಳ ಗ್ರಹದ ಸಿಡೋನಿಯಾ ಪ್ರದೇಶದಲ್ಲಿ ತೆಗೆದ ಚಿತ್ರದಲ್ಲಿ ಮುಖ ಕಂಡದ್ದೂ ಹೀಗೆಯೇ, ಓರೆ ಬಿಸಿಲಿನ ನೆರಳಿನಿಂದ. 1998ರಲ್ಲಿ ಮಾರ್ಸ್ ಗ್ಲೋಬಲ್ ಸರ್ವೇಯರ್ ಅದೇ ಜಾಗವನ್ನು ಇನ್ನಷ್ಟು ಸ್ಪಷ್ಟವಾಗಿ ತೆಗೆದಾಗ ಬರೀ ಗುಡ್ಡ ಉಳಿಯಿತು.

ಇಲ್ಲಿಯವರೆಗಿನದು ಹೆಚ್ಚುಕಡಿಮೆ ಎಲ್ಲರಿಗೂ ಒಂದೇ. ಊಹೆ ಮನುಷ್ಯರಿಂದ ಮನುಷ್ಯರಿಗೆ ಬೇರೆಯಾದಾಗ ಜಗಳ ಶುರು. 2015ರ ಫೆಬ್ರುವರಿಯಲ್ಲಿ ಜಗತ್ತಿಗೆಲ್ಲ ಹರಡಿದ ಉಡುಪಿನ ಫೋಟೊ ನೆನಪಿರಬಹುದು. ಸುಮಾರು 1,400 ಜನರನ್ನು ಕೇಳಿದ ಅಧ್ಯಯನದಲ್ಲಿ 57% ಮಂದಿ ನೀಲಿ ಕಪ್ಪು ಎಂದರು, 30% ಮಂದಿ ಬಿಳಿ ಚಿನ್ನದ ಬಣ್ಣ ಎಂದರು. ಉಡುಪು ನಿಜಕ್ಕೂ ನೀಲಿ ಕಪ್ಪು. ಅದು ನೆರಳಿನಲ್ಲಿದೆ ಎಂದು ಮಿದುಳು ಎಣಿಸಿದರೆ ನೀಲಿಯನ್ನು ನೆರಳಿನ ಖಾತೆಗೆ ಹಾಕಿ ಬಿಳಿ ತೋರಿಸುತ್ತದೆ, ಹಳದಿ ದೀಪದಲ್ಲಿದೆ ಎಂದು ಎಣಿಸಿದರೆ ನೀಲಿ ಹಾಗೇ ಉಳಿಯುತ್ತದೆ. ಸೀರೆ ಅಂಗಡಿಯಲ್ಲಿ ಟ್ಯೂಬ್‌ಲೈಟಿನ ಕೆಳಗೆ ಆರಿಸಿದ ಸೀರೆಯನ್ನು ಬಾಗಿಲಿಗೆ ತಂದು ಬಿಸಿಲಿಗೆ ಹಿಡಿಯುವ ಹೆಂಗಸರ ಪದ್ಧತಿ ತುಂಬಾ ಸರಿಯಾದದ್ದು.

ಶಾಸನ ಓದುವವರಿಗಂತೂ ಇದು ಊಟದ ಪ್ರಶ್ನೆಯಷ್ಟೇ ಮುಖ್ಯ. 1915ರಲ್ಲಿ ಗಣಿ ಎಂಜಿನಿಯರ್ ಸಿ. ಬೀಡನ್ ಅವರಿಗೆ ಸಿಕ್ಕ ಮಸ್ಕಿ ಶಾಸನ ‘ದೇವಾನಾಂಪಿಯ’ (ದೇವರಿಗೆ ಪ್ರಿಯನಾದವನು) ಎಂಬ ಬಿರುದಿನ ಜೊತೆ ಅಶೋಕ ಎಂಬ ಹೆಸರನ್ನೂ ಕೊಟ್ಟಿತು, ಒಂದು ಹೆಸರಿನ ಕೆಲವೇ ಅಕ್ಷರಗಳ ಮೇಲೆ ಇತಿಹಾಸ ನಿಂತಿತು. ಸವೆದ ಬಂಡೆಯಲ್ಲಿ ಬಿರುಕು ಗೆರೆಯಾಗಿ ಕಾಣುತ್ತದೆ, ಗೆರೆ ಬಿರುಕಾಗಿ ಕಾಣುತ್ತದೆ. ಶಾಸನದಲ್ಲಿ ಏನಿದೆ ಎಂದು ಮೊದಲೇ ಗೊತ್ತಿದ್ದವರಿಗೆ ಇಲ್ಲದ ಅಕ್ಷರವೂ ಕಂಡುಬಿಡುತ್ತದೆ. ಅದಕ್ಕೇ ಹಳಬರು ಪಡಿಯಚ್ಚನ್ನು ನಂಬಿದ್ದು. ತೊಳೆದ ಕಲ್ಲಿಗೆ ಒದ್ದೆ ಕಾಗದ ಹಾಸಿ, ಗಟ್ಟಿ ಕೂದಲಿನ ಬ್ರಷ್‌ನಿಂದ ಬಡಿದು ಅಕ್ಷರದೊಳಗೆ ಇಳಿಸಿ, ಅರೆ ಒಣಗಿದಾಗ ಮೇಲೆ ಮಸಿ ಒತ್ತುತ್ತಾರೆ. ತಗ್ಗಿಗೆ ಮಸಿ ತಾಕುವುದಿಲ್ಲ, ಅಕ್ಷರ ಬಿಳಿಯಾಗಿ ಉಳಿಯುತ್ತದೆ. ಬೆಳಕು ಯಾವ ಕಡೆಯದು ಎಂಬ ಪ್ರಶ್ನೆಯೇ ಏಳುವುದಿಲ್ಲ. ಕಾಗದ ತೀರ ಒದ್ದೆಯಾದರೆ ಅಕ್ಷರದ ಅಂಚಿನಲ್ಲಿ ಹರಿಯುತ್ತದೆ, ಬೇಗ ಒಣಗಿದರೆ ಎದ್ದುಬರುತ್ತದೆ, ಮಸಿ ಮುಂಚೆಯೇ ಒತ್ತಿದರೆ ಹರಡುತ್ತದೆ. ರಕ್ಷಿತ ಶಾಸನಗಳಿಗೆ ಇದನ್ನು ಪುರಾತತ್ವ ಇಲಾಖೆಯವರ ಒಪ್ಪಿಗೆ ಇಲ್ಲದೆ ಮಾಡುವಂತಿಲ್ಲ. ಅಕ್ಷರಕ್ಕೆ ಸೀಮೆಸುಣ್ಣ ತುಂಬುವುದಂತೂ ಬೇಡವೇ ಬೇಡ. ತುಂಬಿದವರು ಕಂಡದ್ದನ್ನೇ ಮುಂದಿನವರೂ ಕಾಣಬೇಕಾಗುತ್ತದೆ.

ಮೊಬೈಲ್ ಮತ್ತು ಬ್ಯಾಟರಿ ಅಷ್ಟೇ ಇರುವವರು ಬ್ಯಾಟರಿಯನ್ನು ಕಲ್ಲಿಗೆ ಓರೆಯಾಗಿ ಹಿಡಿದು ನಾಲ್ಕು ಕಡೆಯಿಂದ ನಾಲ್ಕು ಫೋಟೊ ತೆಗೆಯಲಿ. ಬೆಳಕಿಗೆ ಉದ್ದುದ್ದ ಇರುವ ಗೆರೆ ಮಾಯವಾಗುತ್ತದೆ, ಅಡ್ಡ ಇರುವುದು ಎದ್ದು ಕಾಣುತ್ತದೆ. ಒಂದೇ ಫೋಟೊ ಸಾಲದಿರುವುದು ಅದಕ್ಕೇ. ಪ್ರತಿ ಫೋಟೊದ ಮೂಲೆಯಲ್ಲಿ ಬೆಳಕು ಬಂದ ದಿಕ್ಕಿಗೆ ಬಾಣದ ಗುರುತು ಹಾಕಿ, ಇಬ್ಬರು ಬೇರೆ ಬೇರೆ ಕೂತು ಓದಿ ಬರೆದಿಡಲಿ. ಬರೆದು ಮುಗಿಯುವ ತನಕ ಒಬ್ಬರ ಹಾಳೆ ಇನ್ನೊಬ್ಬರ ಕಣ್ಣಿಗೆ ಬೀಳಬಾರದು.