ಪ್ಲಸೀಬೊ: ಉಪ್ಪಾಗೆ ಮಾತ್ರೆಯ ಪಕ್ಕದಲ್ಲಿಟ್ಟ ಖಾಲಿ ಮಾತ್ರೆ

ಶಿರಸಿ, ಸಿದ್ದಾಪುರದ ಕಡೆ ಉಪ್ಪಾಗೆ ಎಂಬ ಹುಳಿ ಕಾಯಿ ಹಣ್ಣಾಗುವುದು ಮಳೆಗಾಲದಲ್ಲಿ. ಬಿಸಿಲು ಇರುವುದಿಲ್ಲ. ಸಿಪ್ಪೆಯನ್ನು ಬೆಂಕಿ ಹಾಕಿಯೇ ಒಣಗಿಸಬೇಕು, ಮನೆ ತುಂಬ ಹೊಗೆ. ಬೀಜದಿಂದ ತುಪ್ಪ ತೆಗೆಯುತ್ತಾರೆ. ಕೇರಳದವರು ಮೀನು ಸಾರಿಗೆ ಹಾಕುವ ಕುಡಂಪುಳಿಯೂ ಇದೇ. ಈ ಸಿಪ್ಪೆಗೆ 1990ರ ದಶಕದಲ್ಲಿ ಒಮ್ಮೆಲೇ ಬೇಡಿಕೆ ಬಂತು. ಹೊರದೇಶಗಳಲ್ಲಿ ತೂಕ ಇಳಿಸುವ ಮಾತ್ರೆಯ ಡಬ್ಬಿ ಮೇಲೆ 'ಗಾರ್ಸಿನಿಯಾ ಕಾಂಬೋಜಿಯಾ' ಎಂದು ಬರೆದಿರುತ್ತಿತ್ತಲ್ಲ, ಅದು ನಮ್ಮ ಉಪ್ಪಾಗೆ.

ಅದರ ಹುಳಿಯಲ್ಲಿ ಮುಖ್ಯವಾಗಿರುವುದು ಹೈಡ್ರಾಕ್ಸಿಸಿಟ್ರಿಕ್ ಆಮ್ಲ. 1965ರಲ್ಲಿ ಇದನ್ನು ಗುರುತಿಸಿದವರು ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ಲೂಯಿಸ್ ಮತ್ತು ನೀಲಕಂಠನ್. ಕಾರವಾರದವರ ಸೋಲ್ ಕಡಿ ಎಂಬ ಪಾನೀಯಕ್ಕೆ ಬೀಳುವ ಮುರುಗಲಿನಲ್ಲೂ (ಕೋಕಂ) ಈ ಆಮ್ಲವಿದೆ. ಊಟದ ಸಕ್ಕರೆ ಅಂಶವನ್ನು ಕೊಬ್ಬಾಗಿ ಮಾಡುವ ಒಂದು ಕಿಣ್ವಕ್ಕೆ ಇದು ಅಡ್ಡ ಬರುತ್ತದೆ. ಇದನ್ನು ತಿಂದ ಇಲಿಗಳ ತೂಕ ಏರುವುದು ಕಡಿಮೆಯಾಯಿತು. ಹಾಗಾದರೆ ಮನುಷ್ಯರಿಗೂ ಆಗಬೇಕಲ್ವಾ?

ಈ ಪ್ರಶ್ನೆಗೆ ಉತ್ತರ ಹುಡುಕಲು ಬೇಕಾದ ಸಾಮಾನೇ ಪ್ಲಸೀಬೊ. ನೋಡಲು ನಿಜವಾದ ಮಾತ್ರೆಯ ಹಾಗೇ ಇರುತ್ತದೆ, ಬಣ್ಣ, ಗಾತ್ರ ಎಲ್ಲ ಒಂದೇ. ಒಳಗೆ ಮದ್ದು ಮಾತ್ರ ಇಲ್ಲ. ಲ್ಯಾಟಿನ್‌ನಲ್ಲಿ ಈ ಪದಕ್ಕೆ 'ನಾನು ಮೆಚ್ಚಿಸುವೆ' ಎಂಬ ಅರ್ಥ. ಹಿಂದೆ ವೈದ್ಯರು ರೋಗಿಯ ಸಮಾಧಾನಕ್ಕೆ ಸುಮ್ನೆ ಏನೋ ಒಂದು ಕೊಡುತ್ತಿದ್ದರು, ಅದಕ್ಕೆ ಈ ಹೆಸರು ಅಂಟಿಕೊಂಡಿತು. ಸೂಜಿ ಚುಚ್ಚದಿದ್ದರೆ ಜ್ವರ ಬಿಡುವುದಿಲ್ಲ ಅನ್ನುವವರು ನಮ್ಮೂರುಗಳಲ್ಲೂ ಇದ್ದಾರಲ್ಲ, ಅವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆದರೆ ಸಂಶೋಧನೆಯಲ್ಲಿ ಪ್ಲಸೀಬೊ ಸಮಾಧಾನದ ಮಾತ್ರೆಯಲ್ಲ, ಅಳತೆಗೋಲು. ಉಪ್ಪಾಗೆಯದ್ದೇ ನೋಡಿ. 1998ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆ 'ಜಾಮಾ'ದಲ್ಲಿ ಒಂದು ಪರೀಕ್ಷೆಯ ಫಲಿತಾಂಶ ಬಂತು. ತೂಕ ಜಾಸ್ತಿ ಇದ್ದ 135 ಮಂದಿಯನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದ್ದರು. ಒಂದು ಗುಂಪಿಗೆ ದಿನಕ್ಕೆ 1500 ಮಿಲಿಗ್ರಾಂ ಉಪ್ಪಾಗೆ ಆಮ್ಲ, ಇನ್ನೊಂದಕ್ಕೆ ಖಾಲಿ ಮಾತ್ರೆ. ಯಾರಿಗೆ ಯಾವುದು ಎಂದು ನುಂಗುವವರಿಗೂ ಗೊತ್ತಿಲ್ಲ, ಕೊಡುವವರಿಗೂ ಗೊತ್ತಿಲ್ಲ. 12 ವಾರ ಕಳೆದಾಗ ಉಪ್ಪಾಗೆ ಗುಂಪಿನವರು ಸರಾಸರಿ 3.2 ಕೆ.ಜಿ. ಇಳಿದಿದ್ದರು.

ಇಲ್ಲಿಗೇ ನಿಲ್ಲಿಸಿದ್ದರೆ ಜಾಹೀರಾತಿಗೆ ಅಷ್ಟು ಸಾಕಿತ್ತು! ಆದರೆ ಖಾಲಿ ಮಾತ್ರೆಯವರು ಇಳಿದದ್ದು 4.1 ಕೆ.ಜಿ. ಖಾಲಿ ಮಾತ್ರೆಯೇ ಮೇಲು ಅಂತ ಇದರ ಅರ್ಥವಲ್ಲ. ಅಷ್ಟು ವ್ಯತ್ಯಾಸ ಆಕಸ್ಮಿಕವಾಗಿಯೂ ಬರಬಹುದು. ಉಪ್ಪಾಗೆಯಿಂದ ಹೆಚ್ಚಿನ ಲಾಭ ಕಾಣಲಿಲ್ಲ, ಅಷ್ಟೇ.

ಈಗ ಎಲ್ಲರೂ ಎಡವುವ ಜಾಗ. 'ಖಾಲಿ ಮಾತ್ರೆಯಿಂದಲೂ ನಾಲ್ಕು ಕೆ.ಜಿ. ಇಳಿಯಿತು, ಮನಸ್ಸಿನ ಶಕ್ತಿ ನೋಡಿ' ಎನ್ನುತ್ತಾರೆ. ತಪ್ಪು. ಎರಡೂ ಗುಂಪಿನವರು ಪಥ್ಯದಲ್ಲಿದ್ದರು, ನಾರು ಜಾಸ್ತಿ, ಕ್ಯಾಲೊರಿ ಕಡಿಮೆ. ತೂಕ ಇಳಿದದ್ದರಲ್ಲಿ ಪಥ್ಯದ ಪಾಲು ಎಷ್ಟು, ನಂಬಿಕೆಯ ಪಾಲು ಎಷ್ಟು ಎಂದು ಬೇರೆ ಮಾಡಬೇಕಾದರೆ ಯಾವ ಮಾತ್ರೆಯನ್ನೂ ನುಂಗದೆ ಬರೀ ಪಥ್ಯ ಮಾಡುವ ಮೂರನೇ ಗುಂಪು ಬೇಕು. ನೆಗಡಿಯೂ ಹಾಗೇ. ವಾರಕ್ಕೆ ತಾನಾಗಿ ಹೋಗುವ ನೆಗಡಿಗೆ ಐದನೇ ದಿನ ಕಷಾಯ ಕುಡಿದರೆ, ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗುತ್ತದೆ.

ಹಾಗಂತ ಮನಸ್ಸಿನ ಪಾಲು ಬರೀ ಸುಳ್ಳೂ ಅಲ್ಲ. ನೋವಿನ ವಿಷಯದಲ್ಲಿ ಅದು ಚೆನ್ನಾಗಿ ಕಾಣುತ್ತದೆ. 1978ರಲ್ಲಿ ಲೆವಿನ್, ಗಾರ್ಡನ್ ಮತ್ತು ಫೀಲ್ಡ್ಸ್ ಎಂಬುವರು ಹಲ್ಲು ಕೀಳಿಸಿಕೊಂಡವರ ಮೇಲೆ ಪರೀಕ್ಷೆ ಮಾಡಿದರು. ಖಾಲಿ ಮದ್ದಿನಿಂದಲೇ ನೋವು ತಗ್ಗಿದವರಿಗೆ ನಲೊಕ್ಸೋನ್ ಕೊಟ್ಟಾಗ ನೋವು ಮತ್ತೆ ಏರಿತು. ನಲೊಕ್ಸೋನ್ ಅಫೀಮಿನ ಜಾತಿಯ ಮದ್ದುಗಳ ಕೆಲಸವನ್ನು ತಡೆಯುವ ಔಷಧ. ಅಂದರೆ, 'ಮದ್ದು ಸಿಕ್ಕಿತು' ಎಂದುಕೊಂಡಾಗ ದೇಹ ತನ್ನದೇ ನೋವುನಿವಾರಕವನ್ನು ಬಿಡುತ್ತದೆ ಎಂದು ಅವರು ತರ್ಕಿಸಿದರು. ಹೀಗೆ ನೋವು ತಗ್ಗಬಹುದು, ಗಡ್ಡೆ ಕರಗುವುದಿಲ್ಲ.

ಉಲ್ಟಾ ಕೂಡ ಇದೆ, ಅದಕ್ಕೆ ನೊಸೀಬೊ ಎನ್ನುತ್ತಾರೆ. 'ಇದರಿಂದ ತಲೆನೋವು ಬರಬಹುದು' ಎಂದು ಹೇಳಿ ಖಾಲಿ ಮಾತ್ರೆ ಕೊಟ್ಟರೂ ಕೆಲವರಿಗೆ ತಲೆ ನೋಯುತ್ತದೆ. ಮಾತ್ರೆಯ ಚೀಟಿಯನ್ನು ಪೂರ್ತಿ ಓದುವ ನನಗೆ ಈ ಪದದ ಪರಿಚಯ ಸ್ವಲ್ಪ ಜಾಸ್ತಿಯೇ ಇದೆ.